ಕೊರತೆ ಇರುವುದು ಸೇವಾ ಮನೋಭಾವದಲ್ಲಲ್ಲ

ಮಾನ್ಯ ಸಂಪಾದಕರೇ,

ಆಸ್ಪತ್ರೆಯಲ್ಲಿ ಕರೆಗಂಟೆ ಒತ್ತಿ ಹತ್ತು ನಿಮಿಷ ಕಳೆದರೂ ಯಾರೂ ಬಾರದಿದ್ದಾಗ ‘ಈಗಿನ ನರ್ಸ್‌ಗಳಿಗೆ ಸೇವಾ ಮನೋಭಾವವೇ ಇಲ್ಲ’ ಎಂದು ರೋಗಿಯ ಕಡೆಯವರು ಬೇಸರಪಡುವುದು ಸಹಜ. ಆದರೆ ಆಸ್ಪತ್ರೆಗಳನ್ನು ನಡೆಸುವವರೂ ಅದೇ ಮಾತನ್ನಾಡುತ್ತ, ಅದಕ್ಕೆ ಮದ್ದೆಂದು ಪ್ರೇರಣಾ ಉಪನ್ಯಾಸಗಳನ್ನು ಏರ್ಪಡಿಸಿ, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿರುವವರನ್ನೇ ಅಲ್ಲಿ ಕೂರಿಸುವುದನ್ನು ಕಂಡಾಗ, ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತಳಾದ ನನಗೆ ಸುಮ್ಮನಿರಲು ಆಗುವುದಿಲ್ಲ.

ನನ್ನ ತಂಗಿಯ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದ ಹೊಸದರಲ್ಲಿ, ‘ದೊಡ್ಡಮ್ಮ, ಇವತ್ತು ಏಳು ತಿಂಗಳ ಮಗುವಿಗೆ ಮೊದಲ ಸಲಕ್ಕೇ ಕ್ಯಾನುಲಾ (ಡ್ರಿಪ್ ಕೊಡುವ ನಳಿಕೆ) ಹಾಕಿದೆ’ ಎಂದು ಫೋನಿನಲ್ಲಿ ಸಂಭ್ರಮಿಸಿದ್ದಳು. ವರ್ಷ ತುಂಬುವಷ್ಟರಲ್ಲಿ ಆ ಸಂಭ್ರಮ ಮಾಯವಾಗಿತ್ತು. ಒಂದು ರಾತ್ರಿ ಮೂವತ್ತನಾಲ್ಕು ರೋಗಿಗಳಿಗೆ ಇಬ್ಬರೇ ನರ್ಸ್‌ಗಳಿದ್ದರು. ಅವರಲ್ಲೊಬ್ಬರು ರೋಗಿಯೊಂದಿಗೆ ಸ್ಕ್ಯಾನಿಂಗ್‌ಗೆ ಹೋದಾಗ ಇವಳೊಬ್ಬಳೇ ಉಳಿದಳು. ಮರುದಿನ ಶಸ್ತ್ರಚಿಕಿತ್ಸೆಯಿದ್ದ ವೃದ್ಧರೊಬ್ಬರು ‘ಸ್ವಲ್ಪ ಹೊತ್ತು ಕೂತ್ಕೊಳ್ಳಮ್ಮ, ಭಯ ಆಗ್ತಿದೆ’ ಎಂದು ಕೈ ಹಿಡಿದರಂತೆ. ಆಚೆ ಹಾಸಿಗೆಯಲ್ಲಿ ಡ್ರಿಪ್ ಖಾಲಿಯಾಗುತ್ತಿತ್ತು, ಇಂಜೆಕ್ಷನ್‌ಗಳ ಹೊತ್ತು ಮೀರುತ್ತಿತ್ತು. ಕೈ ಬಿಡಿಸಿಕೊಂಡು ಹೋದಳು. ಬೆಳಿಗ್ಗೆ ಎಂಟಕ್ಕೆ ಮುಗಿಯಬೇಕಿದ್ದ ಡ್ಯೂಟಿ, ಮುಂದಿನ ಪಾಳಿಯವರಿಗೆ ಕೆಲಸ ಒಪ್ಪಿಸಿ ಚಾರ್ಟ್ ಬರೆದು ಮುಗಿಸುವಾಗ ಒಂಬತ್ತೂವರೆಯಾಗಿತ್ತು. ಆ ಒಂದೂವರೆ ಗಂಟೆಗೆ ಸಂಬಳವಿಲ್ಲ. ಆದರೂ ಅವಳು ಅತ್ತಿದ್ದು ಸಂಬಳಕ್ಕಲ್ಲ, ಬಿಡಿಸಿಕೊಂಡ ಆ ಕೈಗಾಗಿ. ಕಲಿತ ಕೆಲಸವನ್ನು ಕಲಿತಂತೆ ಮಾಡಲು ಬಿಡದ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯ ಹುರುಪು ಎಷ್ಟು ದಿನ ಉಳಿದೀತು?

ಸಂಬಳದ ಪ್ರಶ್ನೆ ಸಣ್ಣದೆಂದು ನಾನು ಹೇಳುತ್ತಿಲ್ಲ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿಗತಿಯ ಕುರಿತು ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಆಯಾ ರಾಜ್ಯದ ಸರ್ಕಾರಿ ನರ್ಸ್‌ಗಳಷ್ಟೇ ವೇತನ ಕೊಡಬೇಕು, ರಜೆ, ಕೆಲಸದ ಅವಧಿ, ಸಾರಿಗೆ, ವಸತಿಗಳೂ ಸರ್ಕಾರಿ ನೌಕರರಿಗೆ ಇರುವಂತೆಯೇ ಇರಬೇಕು ಎಂದು ಶಿಫಾರಸು ಮಾಡಿತು. ನೆರೆಯ ಕೇರಳದಲ್ಲಿ ನರ್ಸ್‌ಗಳು 2017ರಲ್ಲಿ ಬೀದಿಗಿಳಿದು ಹೋರಾಡಿದ ಮೇಲೆ, 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಕನಿಷ್ಠ ವೇತನವನ್ನು 20,000 ರೂಪಾಯಿಗೆ ಏರಿಸಿ ಅಧಿಸೂಚನೆ ಹೊರಡಿಸಿತು. ಊರೂರಿಗೆ ನರ್ಸಿಂಗ್ ಕಾಲೇಜು ತೆರೆದ ನಮ್ಮ ರಾಜ್ಯ, ಅಲ್ಲಿ ಕಲಿತವರ ದುಡಿಮೆಗೂ ಅಷ್ಟೇ ಆಸಕ್ತಿ ತೋರಬೇಕಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲೇ ಕಾಯಂ ನೌಕರರ ಪಕ್ಕದಲ್ಲಿ ನಿಂತು ಅದೇ ಕೆಲಸವನ್ನು ಕಡಿಮೆ ಸಂಬಳಕ್ಕೆ ಮಾಡುವ ಗುತ್ತಿಗೆ ನರ್ಸ್‌ಗಳಿದ್ದಾರೆ. ಹೀಗಿರುವಾಗ ಕೊಲ್ಲಿ ದೇಶಗಳಿಗೋ ಬ್ರಿಟನ್‌ಗೋ ಜರ್ಮನಿಗೋ ಹೊರಟವರನ್ನು ದೂರುವುದು ನ್ಯಾಯವಲ್ಲ.

ಆದರೆ ಸಂಬಳ ಏರಿಸಿ ಸಂಖ್ಯೆ ಹೆಚ್ಚಿಸದಿದ್ದರೆ ವಾರ್ಡಿನ ರಾತ್ರಿ ಬದಲಾಗುವುದಿಲ್ಲ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೊಬ್ಬರು, ಇತರ ಆಸ್ಪತ್ರೆಗಳಲ್ಲಿ ಐದು ಹಾಸಿಗೆಗೊಬ್ಬರು, ರಜೆಯಲ್ಲಿರುವವರ ಸ್ಥಾನ ತುಂಬಲು ಶೇ 30ರಷ್ಟು ಹೆಚ್ಚುವರಿ ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ನಾನು ವಾರ್ಡ್ ಇನ್‌ಚಾರ್ಜ್ ಆಗಿದ್ದಾಗ ಪ್ರತಿ ತಿಂಗಳೂ ಡ್ಯೂಟಿ ಪಟ್ಟಿ ಬರೆಯುತ್ತಿದ್ದೆ. ಒಬ್ಬಳಿಗೆ ಹೆರಿಗೆ ರಜೆ ಕೊಟ್ಟರೆ ಇನ್ನೊಬ್ಬಳ ವಾರದ ರಜೆಗೆ ಕತ್ತರಿ ಹಾಕದೆ ಆ ಪಟ್ಟಿ ಮುಗಿಯುತ್ತಲೇ ಇರಲಿಲ್ಲ. ಹಾಗೆ ರಜೆ ಕಳೆದುಕೊಂಡ ಕಿರಿಯರ ಮುಖಗಳು ಇಂದಿಗೂ ನನ್ನ ಕಣ್ಣ ಮುಂದಿವೆ.

ಖಾಸಗಿ ಆಸ್ಪತ್ರೆಗಳು ಚಿಕಿತ್ಸಾ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂಬ ನಿಯಮ ನಮ್ಮ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಈಗಾಗಲೇ ಇದೆ. ಸರ್ಕಾರಿ ಆಸ್ಪತ್ರೆಯೂ ಸೇರಿದಂತೆ ಪ್ರತಿ ವಾರ್ಡಿನ ಬಾಗಿಲಲ್ಲಿ, ಆ ಪಾಳಿಯಲ್ಲಿ ಒಳಗಿರುವ ರೋಗಿಗಳೆಷ್ಟು, ಕರ್ತವ್ಯದಲ್ಲಿರುವ ನರ್ಸ್‌ಗಳೆಷ್ಟು ಎಂಬ ಎರಡು ಅಂಕಿಗಳನ್ನು ಬರೆದಿಡುವುದನ್ನೂ ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ. ಅದಕ್ಕೊಂದು ಕರಿಹಲಗೆ, ಒಂದು ತುಂಡು ಸೀಮೆಸುಣ್ಣ ಸಾಕು. ಕರೆಗಂಟೆ ಒತ್ತಿ ಕಾಯುವವರು ಮೊದಲು ಆ ಹಲಗೆಯನ್ನು ಓದುವಂತಾಗಲಿ.

— ನಿವೃತ್ತ ಶುಶ್ರೂಷಕಿ, ದಾವಣಗೆರೆ