ಕೆರೆ ತುಂಬಿದೆ, ಏರಿಯ ಬೆನ್ನು ನೋಡಿದವರು ಯಾರು?

ಮಾನ್ಯರೇ,

ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಪಂಪ್ ಮಾಡುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿದ ಮೇಲೆ ಕೋಲಾರ ಜಿಲ್ಲೆಯ ಎಷ್ಟೋ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ನಿಂತಿದೆ. ಅಂತರ್ಜಲಕ್ಕೆ ಇದರಿಂದ ಲಾಭವೇ. ಆದರೆ ಈ ಕೆರೆಗಳ ಏರಿಗಳನ್ನು, ಅಂದರೆ ನೀರು ತಡೆಯುವ ಮಣ್ಣಿನ ಕಟ್ಟೆಗಳನ್ನು, ಹಿರಿಯರು ಕಟ್ಟಿದ್ದು ಮಳೆಗೆ ತುಂಬಿ ಬೇಸಿಗೆಗೆ ಬತ್ತುವ ಕೆರೆಗೆ. ಈಗ ಅವು ಹನ್ನೆರಡು ತಿಂಗಳೂ ನೀರು ತಡೆದು ನಿಂತಿವೆ. ಹಸ್ತ, ಚಿತ್ತ ಮಳೆ ಸುರಿದಾಗ ಹಿಡಿದಿಡಲು ಕೆರೆಯಲ್ಲಿ ಜಾಗವಿಲ್ಲ, ಬಂದದ್ದೆಲ್ಲ ಸೀದಾ ಕೋಡಿಗೆ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿಗೆ. 2021ರ ನವೆಂಬರ್ ಮಳೆಯಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಕಡೆ ಕೆರೆಗಳು ತುಂಬಿ ಕೋಡಿ ಬಿದ್ದದ್ದನ್ನು ಯಾರೂ ಮರೆತಿರಲಾರರು.

ಮೊದಲು ಕೋಡಿಯ ಮಾತು. ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿ ಕಲ್ಲಿನ ಮೇಲೆ ಮರಳು ಚೀಲ ಪೇರಿಸುವುದು ಅಥವಾ ಅರ್ಧ ಮೀಟರ್ ಕಾಂಕ್ರೀಟ್ ಏರಿಸುವುದು ನಮ್ಮಲ್ಲಿ ಸಾಮಾನ್ಯ. ಕೋಡಿ ಮಟ್ಟಕ್ಕೂ ಏರಿಯ ತಲೆಗೂ ಒಂದು ಮೀಟರ್ ಅಂತರವಿದೆ ಎನ್ನಿ. ಅದರಲ್ಲಿ ಅರ್ಧ ಮೀಟರ್ ಮುಚ್ಚಿದರೆ ಏರಿ ದಾಟುವ ಮೊದಲು ಕೋಡಿಯಲ್ಲಿ ಹೋಗಬಲ್ಲ ನೀರು ಅರ್ಧಕ್ಕೆ ನಿಲ್ಲುವುದಿಲ್ಲ, ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಪ್ಪತ್ತು ಮೀಟರ್ ಉದ್ದದ ಕೋಡಿಯಲ್ಲಿ ಮೂವತ್ತು ಸೆಂಟಿಮೀಟರ್ ಎತ್ತರಕ್ಕೆ ನೀರು ಹರಿದರೆ ಸೆಕೆಂಡಿಗೆ ಐದೂವರೆ ಘನ ಮೀಟರ್ ಹೋಗುತ್ತದೆ, ಅರವತ್ತು ಸೆಂಟಿಮೀಟರ್ ಇದ್ದರೆ ಸುಮಾರು ಹದಿನಾರು. ಆ ಮೇಲಿನ ಒಂದು ಅಡಿಯ ಬೆಲೆ ಅಷ್ಟು. ಮೀನು ಹರಾಜು ಹಿಡಿದವರು ಕೋಡಿಗೆ ಅಡ್ಡ ಕಟ್ಟುವ ಬಲೆಯೂ ಇದೇ ಕೆಲಸ ಮಾಡುತ್ತದೆ: ಜೊಂಡು, ಪ್ಲಾಸ್ಟಿಕ್ ಸಿಕ್ಕಿಕೊಂಡು ಒಂದೇ ರಾತ್ರಿಗೆ ಅದು ಗೋಡೆಯಾಗುತ್ತದೆ. ಮೀನು ಹೋದರೆ ಹೋಗಲಿ, ಮಳೆಗಾಲದಲ್ಲಿ ಬಲೆ ಬಿಚ್ಚಲೇಬೇಕೆಂದು ಹರಾಜಿನ ಷರತ್ತಿನಲ್ಲೇ ಬರೆಯಬೇಕು. ಕೋಡಿ ಕಾಲುವೆಯ ಒತ್ತುವರಿ ಎಲ್ಲರ ಕಣ್ಣೆದುರೇ ಇದೆ, ವಿವರ ಬೇಡ.

ಕೋಡಿ ಸರಿಯಿದ್ದರೂ ಏರಿಯ ತಲೆ ಸಮವಿರಬೇಕು. ಟಿಪ್ಪರ್, ಟ್ರ್ಯಾಕ್ಟರ್ ಓಡಾಡಿ ತಗ್ಗಾದ ಕಡೆಯೇ ನೀರು ಮೊದಲು ದಾಟುವುದು. ಮಟ್ಟ ನೋಡಲು ಮೇಸ್ತ್ರಿಗಳ ಹತ್ತಿರವಿರುವ ನೀರಿನ ಟ್ಯೂಬ್ ಸಾಕು. ಮೂವತ್ತು ಮೀಟರಿಗೊಮ್ಮೆ ಏರಿಯ ಎತ್ತರವನ್ನು ಕೋಡಿ ಕಲ್ಲಿನ ಮಟ್ಟದಿಂದ ಅಳೆದು ಬರೆದಿಟ್ಟರೆ ತಗ್ಗು ತಾನೇ ಸಿಗುತ್ತದೆ. ಏರಿ ಮೇಲೆ ರಸ್ತೆ ಮಾಡುವವರು ಇಳಿಜಾರನ್ನು ಕೆರೆಯ ಕಡೆಗೆ ಕೊಡಲಿ. ಹೊರಗೆ ಕೊಟ್ಟರೆ ಮಳೆ ನೀರು ಹಿಂಬದಿಯನ್ನು ಕೊರೆಯುತ್ತದೆ.

ಆ ಹಿಂಬದಿಯನ್ನೇ ಯಾರೂ ನೋಡುವುದಿಲ್ಲ. ನೋಡಲು ಜಾಲಿ ಬಿಡುವುದೂ ಇಲ್ಲ! ಏರಿಯ ಬುಡದಲ್ಲಿ ಸ್ವಲ್ಪ ಒಸರು ಇದ್ದರೆ ಗಾಬರಿ ಬೇಡ, ಮಣ್ಣಿನ ಏರಿ ಒಸರುವುದು ಸಹಜ. ಹೊರಬರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಬೇಕು. ತಿಳಿಯಾಗಿದ್ದರೆ ವಾರಕ್ಕೊಮ್ಮೆ ಬಕೆಟ್ ತುಂಬಲು ಎಷ್ಟು ಹೊತ್ತು ಎಂದು ಗುರುತು ಮಾಡಿಕೊಳ್ಳಿ. ಕೆರೆ ಮಟ್ಟ ಏರದೆಯೂ ಬಕೆಟ್ ಬೇಗ ತುಂಬತೊಡಗಿದರೆ, ಅಥವಾ ಲೋಟದ ತಳದಲ್ಲಿ ಮಣ್ಣು ಕೂತರೆ, ಏರಿ ಒಳಗಿಂದ ಸವೆಯುತ್ತಿದೆ ಎಂದೇ ಅರ್ಥ. ಆಗ ಹೊರಗಿನಿಂದ ಜೇಡಿಮಣ್ಣು ಮೆತ್ತುವವರೇ ಹೆಚ್ಚು. ಅದು ತಪ್ಪು. ತಡೆದ ನೀರು ಒಳಗೇ ಒತ್ತಡ ಕಟ್ಟಿಕೊಂಡು ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಮಾಡಬೇಕಾದದ್ದು ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುವುದು: ಒಸರಿನ ಮೇಲೆ ಅರ್ಧ ಅಡಿ ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಕೊನೆಗೆ ದಪ್ಪ ಜಲ್ಲಿ. ಕೂಡಲೇ ಇಂಜಿನಿಯರ್‌ಗೆ ತಿಳಿಸಿ.

ಜಾಲಿ ತೆಗೆಯುವುದಕ್ಕೂ ಕ್ರಮವಿದೆ. ಹೆಬ್ಬೆರಳು ಗಾತ್ರದ ಗಿಡವನ್ನು ಬೇರುಸಹಿತ ಕಿತ್ತರಾಯಿತು. ದೊಡ್ಡ ಮರವನ್ನು ಬರೀ ಕಡಿದು ಬಿಟ್ಟರೆ ಕೆಲವು ವರ್ಷಕ್ಕೆ ಬೇರು ಕೊಳೆತು ಏರಿಯೊಳಗೆ ಕೊಳವೆಗಳೇ ಉಳಿಯುತ್ತವೆ. ನೀರು ಇಳಿದಾಗ ಬುಡ ಅಗೆದು ತೆಗೆದು, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ತೇವದ ಮಣ್ಣನ್ನು ಅರ್ಧರ್ಧ ಅಡಿ ಹಾಕಿ ದಮ್ಮಸು ಮಾಡಬೇಕು. ಹೆಗ್ಗಣ, ಏಡಿ ಬಿಲಗಳಿಗೂ ಇದೇ ಕ್ರಮ. ಹೂಳೆತ್ತಿದ ಕಪ್ಪು ಗೋಡು ಇದಕ್ಕೆ ಬೇಡ, ಒಣಗಿದರೆ ಬಿರಿಯುತ್ತದೆ. ಹೂಳನ್ನೂ ಏರಿಯ ಪಕ್ಕದಲ್ಲೇ ಎತ್ತಬಾರದು, ನೀರು ಬಸಿಯದಂತೆ ತಡೆದಿರುವುದೇ ಆ ಪದರ. ಏರಿ ಎತ್ತರದ ಐದು ಪಟ್ಟಾದರೂ ದೂರ ಬಿಡಿ.

ಕೆ.ಸಿ. ವ್ಯಾಲಿಯ ಈ ನೀರನ್ನು ನೇರವಾಗಿ ಗದ್ದೆಗೆ ಬಿಡುವಂತಿಲ್ಲವಾದ್ದರಿಂದ, ಕೆರೆಯಿಂದ ನೀರು ಬಿಡುವ ಬಾಗಿಲಾದ ತೂಬನ್ನು ಎತ್ತುವವರೇ ಇಲ್ಲ. ತುಕ್ಕು ಹಿಡಿದ ತೂಬು ಕಷ್ಟಕಾಲದಲ್ಲಿ ಏಳುವುದಿಲ್ಲ. ಮಳೆಗಾಲಕ್ಕೆ ಮೊದಲು ಗ್ರೀಸ್ ಹಾಕಿ ಹತ್ತು ನಿಮಿಷ ಎತ್ತಿ ಇಳಿಸಬೇಕು. ಮುಚ್ಚಿದ ಮೇಲೂ ತೂಬಿನ ಕಲ್ಲುಗಳ ಸುತ್ತ ನೀರು ಜಿನುಗಿದರೆ ಅದೇ ಏರಿಯ ಅತಿ ದುರ್ಬಲ ಜಾಗ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವಕ್ಕೆ, ಕೆಲವು ಷರತ್ತುಗಳ ಮೇಲೆ 10ರಿಂದ 15 ಮೀಟರ್‌ನವಕ್ಕೆ ಅನ್ವಯ. ನಮ್ಮ ಹಳ್ಳಿ ಕೆರೆಗಳಲ್ಲಿ ಬಹುಪಾಲು ಅದರ ಹೊರಗೆ. ಆದರೆ ಪಾಲಾರ್ ನದಿ ಪಾತ್ರದಲ್ಲಿ ಕೆರೆಗಳು ಸರಣಿಯಾಗಿವೆ, ಮೇಲಿನದು ಒಡೆದರೆ ಕೆಳಗಿನ ಕೋಡಿಗಳು ತಡೆಯಲಾರವು.

ಸಣ್ಣ ನೀರಾವರಿ ಇಲಾಖೆಗೆ ನಮ್ಮ ಕೋರಿಕೆ ಇಷ್ಟು. ಸೆಪ್ಟೆಂಬರ್ ಮೊದಲ ವಾರದಿಂದ ತುಂಬಿದ ಕೆರೆಗಳಿಗೆ ಪಂಪಿಂಗ್ ನಿಲ್ಲಿಸಿ, ಕೋಡಿಗಿಂತ ಎರಡು ಅಡಿ ಕೆಳಗೆ ನೀರು ಇರುವಂತೆ ನೋಡಿಕೊಳ್ಳಲಿ. ಕೋಡಿ ಪಕ್ಕ ಅಡಿ ಗುರುತಿನ ಕಂಬ ನೆಟ್ಟು, ಕೆರೆ ನೀರು ನೋಡಿಕೊಳ್ಳುವ ಊರಿನ ನೀರುಗಂಟಿಗೆ ಸಂಬಳ ಕೊಟ್ಟು, ಮಟ್ಟ ಮೀರಿದ ದಿನ ಪಂಪ್‌ಹೌಸ್‌ಗೆ ಫೋನ್ ಮಾಡಿ ನೀರು ನಿಲ್ಲಿಸುವ ಅಧಿಕಾರವನ್ನೂ ಅವನಿಗೇ ಕೊಡಲಿ.

– ಕೆರೆ ಅಚ್ಚುಕಟ್ಟಿನ ರೈತರು, ಕೋಲಾರ ತಾಲ್ಲೂಕು