ಇಲಿಗೋ ಮನುಷ್ಯರಿಗೋ, ಮೊದಲೇ ಹೇಳಿಬಿಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಬೆಂಗಳೂರಿನ ಸಂಶೋಧಕರೊಬ್ಬರ ಸುದ್ದಿ ಬಂದಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣದೊಳಗೆ ಔಷಧಿ ತುಂಬಿ ಸೀದಾ ಕ್ಯಾನ್ಸರ್ ಗಡ್ಡೆಗೇ ಕಳಿಸುವ ಕೆಲಸ. ತಲೆಬರಹ ನೋಡಿದರೆ ನಾಳೆ ಬೆಳಿಗ್ಗೆ ಮೆಡಿಕಲ್ ಶಾಪಿನಲ್ಲಿ ಸಿಕ್ಕಿಬಿಡುತ್ತದೆ ಅನ್ನಿಸಬೇಕು, ಹಾಗಿತ್ತು. ಪ್ರಯೋಗ ನಡೆದಿದ್ದು ಇಲಿಗಳ ಮೇಲೆ ಅನ್ನೋದು ಕೊನೆಯ ಪ್ಯಾರಾದಲ್ಲಿತ್ತು.

ನಮ್ಮಮ್ಮ ಕೊನೆಯ ಪ್ಯಾರಾದವರೆಗೆ ಹೋಗಲಿಲ್ಲ. ಅವರಿಗೆ ಸ್ತನ ಕ್ಯಾನ್ಸರ್, ಎರಡು ಕೀಮೋ ಮುಗಿದಿದೆ. ಕನ್ನಡಕ ತೆಗೆದಿಟ್ಟು, "ಟಾಟಾ ಇನ್‌ಸ್ಟಿಟ್ಯೂಟ್ ಇಲ್ಲೇ ಅಲ್ವೇನೇ, ಒಂದು ಆಟೋ ಹಿಡಿದು ಹೋಗಿ ಕೇಳ್ಕೊಂಡು ಬಾ" ಅಂದರು. ಟಾಟಾ ಇನ್‌ಸ್ಟಿಟ್ಯೂಟ್ ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಸುದ್ದಿಯಲ್ಲಿ ಅದರ ಹೆಸರೇ ಇರಲಿಲ್ಲ. ಆದರೆ ಮಲ್ಲೇಶ್ವರಂನಲ್ಲೇ ಹುಟ್ಟಿ ಬೆಳೆದ ಅಮ್ಮನಿಗೆ ವಿಜ್ಞಾನಿ ಅಂದರೆ ಅಲ್ಲಿಯವರೇ.

ಅವರಿಗೆ ಯಾಕೆ ಅಷ್ಟು ಅವಸರ ಅಂತ ಹೇಳ್ತೀನಿ. ಅವರಿಗೆ ಕೊಡುತ್ತಿರುವುದರಲ್ಲಿ ಡಾಕ್ಸೊರುಬಿಸಿನ್ ಅನ್ನೋದೊಂದಿದೆ. ಕೋಕಂ ಶರಬತ್ತಿನ ಬಣ್ಣ. ನರ್ಸ್ ದಪ್ಪ ಸಿರಿಂಜಿನಲ್ಲಿ ತಂದು ನಿಧಾನವಾಗಿ ಏರಿಸುತ್ತಾರೆ. ಮೊದಲ ಸಲ ಮನೆಗೆ ಬಂದ ಮೇಲೆ ಮೂತ್ರ ಕೆಂಪಗೆ ಹೋಯಿತು, ರಕ್ತ ಅಂದುಕೊಂಡು ಅಮ್ಮ ಬಾತ್‌ರೂಮಿನಿಂದ ಕೂಗಿದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಅದು ಔಷಧಿಯ ಬಣ್ಣ ಅಷ್ಟೇ, ಒಂದೆರಡು ದಿನಕ್ಕೆ ಹೋಗುತ್ತದೆ. ಆದರೆ ಔಷಧಿ ಗಡ್ಡೆಯೊಂದಕ್ಕೇ ಹೋಗಲ್ಲ. ಕೂದಲ ಬುಡ, ಬಾಯಿ, ಹೊಟ್ಟೆ, ಎಲ್ಲ ಕಡೆ ಹೋಗುತ್ತದೆ. ಹೃದಯಕ್ಕೂ ತೊಂದರೆ ಮಾಡಬಹುದು ಅಂತ ಶುರು ಮಾಡುವ ಮೊದಲು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದ್ದರು.

ಹಾಗಾಗಿ ಈ ಸಂಶೋಧಕರು ಮಾಡುತ್ತಿರುವುದು ಸಣ್ಣ ಕೆಲಸ ಅಂತ ನಾನು ಖಂಡಿತ ಹೇಳಲ್ಲ. ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವೂ ಅಲ್ಲ. ಇದೇ ಕೆಂಪು ಔಷಧಿಯನ್ನು ಕೊಬ್ಬಿನ ಪುಟ್ಟ ಗುಳ್ಳೆಯಲ್ಲಿ ತುಂಬಿದ ಡಾಕ್ಸಿಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ. ಗುಳ್ಳೆಯ ಅಗಲ ಸುಮಾರು 100 ನ್ಯಾನೋಮೀಟರ್, ಒಂದು ಕೂದಲಿನ ದಪ್ಪದಲ್ಲಿ ಹೆಚ್ಚು ಕಡಿಮೆ ಸಾವಿರ ಗುಳ್ಳೆ ಸಾಲಾಗಿ ನಿಲ್ಲಬಹುದು. ಹೃದಯಕ್ಕೆ ತೊಂದರೆ ಕಡಿಮೆಯಾಯಿತು. ಅಂಗೈ ಅಂಗಾಲು ಕೆಂಪಾಗಿ ಸುಲಿಯುವ ಹೊಸ ಕಾಟ ಬಂತು. ಒಂದು ಹೋದರೆ ಇನ್ನೊಂದು.

ಗಡ್ಡೆ ಅವಸರದಲ್ಲಿ ಬೆಳೆಸಿಕೊಂಡ ರಕ್ತನಾಳಗಳು ನಮ್ಮ ರಸ್ತೆಯ ನೀರಿನ ಪೈಪಿನ ಹಾಗೆ ಅಲ್ಲಲ್ಲಿ ಸೋರುತ್ತವೆ, ಆ ತೂತಿನಿಂದ ಕಣ ಒಳಗೆ ನುಗ್ಗಬೇಕು ಅನ್ನೋದು ಮೂಲ ಲೆಕ್ಕ. ಇಲಿಯಲ್ಲಿ ಗಡ್ಡೆ ಕೆಲವೇ ವಾರದಲ್ಲಿ ಬೆಳೆಯುತ್ತದೆ, ನಮ್ಮಲ್ಲಿ ವರ್ಷಗಟ್ಟಲೆ ಹಿಡಿಯುತ್ತದೆ, ಸೋರುವುದೂ ಒಂದೇ ಥರ ಇರಲ್ಲ. ಇಲಿಯಲ್ಲೂ ಏನು ಮಹಾ? 2016ರಲ್ಲಿ ಟೊರಾಂಟೊದ ಸಂಶೋಧಕರು ಹಿಂದಿನ ಹತ್ತು ವರ್ಷದ ಪ್ರಬಂಧಗಳನ್ನು ಗುಡ್ಡೆ ಹಾಕಿ ಲೆಕ್ಕ ನೋಡಿದರೆ, ಕೊಟ್ಟ ಕಣಗಳಲ್ಲಿ ಗಡ್ಡೆ ತಲುಪಿದ್ದು ಸಾಮಾನ್ಯವಾಗಿ ಶೇ 0.7. ನೂರು ರೂಪಾಯಿ ಕಳಿಸಿದರೆ ಎಪ್ಪತ್ತು ಪೈಸೆ ಮನೆ ಸೇರಿದ ಹಾಗೆ! ಉಳಿದದ್ದರಲ್ಲಿ ಜಾಸ್ತಿ ಪಾಲನ್ನು ಲಿವರ್, ಸ್ಪ್ಲೀನ್ ಹಿಡಿದು ಇಟ್ಟುಕೊಳ್ಳುತ್ತವೆ. ನನ್ನ ಕೇಳಿದರೆ ನಿಜವಾದ ಸುದ್ದಿ ಇದೇ. ಈ ಎಪ್ಪತ್ತು ಪೈಸೆಯನ್ನು ಎರಡು ರೂಪಾಯಿ ಮಾಡೋಕೆ ಜನ ವರ್ಷಗಟ್ಟಲೆ ಒದ್ದಾಡುತ್ತಿದ್ದಾರೆ, ಅದನ್ನು ಯಾರೂ ಬರೆಯಲ್ಲ.

ಒಂದು ಸಲ ಟಾಟಾ ಇನ್‌ಸ್ಟಿಟ್ಯೂಟಿನ ಓಪನ್ ಡೇಗೆ ಮಗನನ್ನು ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗಿ ಸಣ್ಣ ಗಾಜಿನ ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ಇದು ಚಿನ್ನ ಅಂದಳು. ಚಿನ್ನ ಅಷ್ಟು ಸಣ್ಣದಾದರೆ ಕೆಂಪಗೆ ಕಾಣುತ್ತಂತೆ. ಇದರಿಂದ ಕ್ಯಾನ್ಸರ್ ವಾಸಿಯಾಗುತ್ತಾ ಅಂತ ಸುಮ್ನೆ ಕೇಳಿದೆ. "ಇಲ್ಲ ಆಂಟಿ, ನಮ್ಮದಿನ್ನೂ ತಟ್ಟೆಯಲ್ಲಿ ಬೆಳೆಸಿದ ಜೀವಕೋಶದ ಮೇಲೆ, ಇಲಿಗೂ ಹೋಗಿಲ್ಲ" ಅಂದಳು. ಎಷ್ಟು ಸಲೀಸಾಗಿ ಹೇಳಿದಳು ನೋಡಿ! ನಿಮ್ಮ ವರದಿಗಾರರಿಗೆ ಯಾಕೆ ಆಗಲ್ಲ?

ನಾನು ಕೇಳೋದು ಇಷ್ಟೇ. ಇಂಥ ಸುದ್ದಿ ಹಾಕುವಾಗ ತಲೆಬರಹದ ಕೆಳಗೇ ಒಂದು ಸಾಲು ಇರಲಿ: ತಟ್ಟೆಯಲ್ಲಿ, ಇಲಿಯಲ್ಲಿ, ಇಲ್ಲಾ ಮನುಷ್ಯರಲ್ಲಿ. ಮನುಷ್ಯರಲ್ಲಾದರೆ ಎಷ್ಟು ಜನರಲ್ಲಿ. ಜಾಗ ಸಾಲದಿದ್ದರೆ ಫೋಟೋ ಸ್ವಲ್ಪ ಚಿಕ್ಕದು ಮಾಡಿ.

ಆವತ್ತು ಅಮ್ಮನಿಗೆ ಹೋಗಿ ಬರ್ತೀನಿ ಅಂದೆ. ಹೋಗಲಿಲ್ಲ. ಗೇಟಿನಲ್ಲಿ ಸೆಕ್ಯೂರಿಟಿಯವರಿಗೆ ಏನಂತ ಹೇಳಲಿ? ಮೂರನೇ ಕೀಮೋ ಬರುವ ಗುರುವಾರ ಇದೆ. ಬೆಳಿಗ್ಗೆ ಪೇಪರ್ ಮೊದಲು ಅಮ್ಮನ ಕೈಗೇ ಹೋಗೋದು, ಈ ಪತ್ರ ಹಾಕಿದರೆ ದಯವಿಟ್ಟು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಹಾಕಿ.

ನಿಮ್ಮ ಓದುಗರಲ್ಲೊಬ್ಬಳು
ಮಲ್ಲೇಶ್ವರಂ, ಬೆಂಗಳೂರು