ಎರಡು ಇನ್ನಿಂಗ್ಸ್ ನೋಡಿ ಹುಡುಗರನ್ನು ಕೈಬಿಡಬೇಡಿ

ಸಂಪಾದಕರೇ, ನಮಸ್ಕಾರ.

ಪೇಪರ್ ಬಂದ ಕೂಡಲೇ ಕ್ರೀಡಾ ಪುಟ ತೆರೆಯುವವರಲ್ಲಿ ನಾನೂ ಒಬ್ಬ. ಸುರತ್ಕಲ್‌ನಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ ನಾಲ್ಕೈದು ಜನ ಅಲ್ಲಿಯೇ ಸೇರುತ್ತೇವೆ, ಪಕ್ಕದ ಹೋಟೆಲಿನಿಂದ ಚಹಾ ಬರುತ್ತದೆ, ಮತ್ತೆ ಶುರುವಾಗುವುದು ಕ್ರಿಕೆಟ್. 2025ರ ಆಗಸ್ಟ್ 28ರಂದು ಮೈಸೂರಿನಲ್ಲಿ ನಮ್ಮ ಮಂಗಳೂರು ಡ್ರ್ಯಾಗನ್ಸ್ ಮೊದಲ ಸಲ ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಗೆದ್ದಿತಲ್ವಾ, ಮಳೆ ಬಂದು ವಿಜೆಡಿ (ಮಳೆ ಬಂದಾಗ ಗುರಿ ಬದಲಿಸುವ) ಲೆಕ್ಕದಲ್ಲಿ ಗೆದ್ದರೂ ಗೆಲುವು ಗೆಲುವೇ, ಅವತ್ತಿನಿಂದ ಈ ಮಾತು ಇನ್ನೂ ಜಾಸ್ತಿಯಾಗಿದೆ. ಆ ವರ್ಷದ ರಣಜಿ ಅಕ್ಟೋಬರ್ 15ಕ್ಕೆ ಶುರುವಾಗಿತ್ತು. ಕರ್ನಾಟಕದ ಬ್ಯಾಟಿಂಗ್ ಬಗ್ಗೆ ಅಂಗಡಿಯಲ್ಲಿ ದಿನಾ ವಾದ. ಆ ವಾದದಲ್ಲಿ ನನಗೆ ಸರಿ ಕಂಡದ್ದನ್ನು ನಿಮಗೆ ಬರೆಯುತ್ತಿದ್ದೇನೆ.

ಒಂದು ಕಡೆಯವರು ಹೇಳುವುದು ಇಷ್ಟು: "ಎಂತ ಮಾರಾಯ್ರೆ, ಹಳಬರನ್ನೇ ಇಟ್ಟುಕೊಂಡು ಎಷ್ಟು ವರ್ಷ ಆಡುವುದು? ಎಲ್ಲರನ್ನೂ ತೆಗೆದು ಹುಡುಗರನ್ನು ಹಾಕಿ." ಇನ್ನೊಂದು ಕಡೆ ನಮ್ಮ ರಿಟೈರ್ಡ್ ಬ್ಯಾಂಕ್ ಅಣ್ಣ. ಅವರು ಆಫೀಸ್ ಲೀಗ್‌ಗಳಲ್ಲಿ ಓಪನಿಂಗ್ ಆಡಿದವರು. "ಈಗಿನ ಹುಡುಗರಿಗೆ ಸಿಕ್ಸರ್ ಹೊಡೆಯಲು ಬರುತ್ತದೆ, ಬಾಲನ್ನು ಆಡದೆ ಕೀಪರ್‌ಗೆ ಬಿಡಲು ಬರುವುದಿಲ್ಲ" ಅಂತ ಅವರ ಮಾತು. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಆದರೆ ಹಳಬರು ಬೇಕೋ ಹೊಸಬರು ಬೇಕೋ ಎಂದು ಜಗಳ ಆಡುತ್ತಾ ಕೂತರೆ ನಿಜವಾದ ತಪ್ಪು ಹಾಗೇ ಉಳಿಯುತ್ತದೆ. ನಾವು ಹುಡುಗರನ್ನು ತಂಡಕ್ಕೆ ತರುತ್ತೇವೆ, ಆದರೆ ಉಳಿಸಿಕೊಳ್ಳುವುದಿಲ್ಲ. ಎರಡು ಇನ್ನಿಂಗ್ಸ್‌ನಲ್ಲಿ ರನ್ ಬರಲಿಲ್ಲ ಅಂದರೆ ಹೊರಗೆ. ಮೇಲಿನ ಮಟ್ಟದಲ್ಲೂ ಹೀಗೆ, ನಮ್ಮ ಜಿಲ್ಲೆಯ ಸಣ್ಣ ಹುಡುಗರ ಆಯ್ಕೆಯಲ್ಲೂ ಹೀಗೆ.

ಮೊದಲು ಬ್ಯಾಟಿಂಗ್ ಎಷ್ಟು ಸಲ ಕೈಕೊಟ್ಟಿದೆ ನೋಡಿ. 2014-15ರ ನಂತರ ರಣಜಿ ಕಪ್ ನಮ್ಮಲ್ಲಿಗೆ ಬಂದಿಲ್ಲ. ಎಂಟು ಸಲ ಗೆದ್ದ ತಂಡ ನಮ್ಮದು. 2016ರ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದಲ್ಲಿ ತಮಿಳುನಾಡಿನ ಎದುರು ಕ್ವಾರ್ಟರ್ ಫೈನಲ್, 88 ರನ್‌ಗೆ ಆಲೌಟ್. ಮರುವರ್ಷ ಕೋಲ್ಕತ್ತದಲ್ಲಿ ವಿದರ್ಭದ ಎದುರು ಸೆಮಿಫೈನಲ್, ಬರೀ 198 ಹೊಡೆಯಬೇಕಿತ್ತು, 5 ರನ್‌ನಿಂದ ಸೋತೆವು. ಆ ದಿನ ನನ್ನ ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. 2020ರ ಮಾರ್ಚ್‌ನಲ್ಲಿ ಮತ್ತೆ ಅದೇ ಕೋಲ್ಕತ್ತದ ಈಡನ್ ಗಾರ್ಡನ್ಸ್, ಬಂಗಾಳದ ಎದುರು ಮೊದಲ ಇನ್ನಿಂಗ್ಸ್‌ನಲ್ಲಿ 122. 2022ರಲ್ಲಿ ಆಲೂರಿನಲ್ಲಿ ಉತ್ತರ ಪ್ರದೇಶದ ಎದುರು ಎರಡನೇ ಇನ್ನಿಂಗ್ಸ್ 114. ಬೌಲರ್‌ಗಳನ್ನು ಬೈಯಲು ಆಗುವುದಿಲ್ಲ. ಕೋಲ್ಕತ್ತದಲ್ಲಿ ಅವರು ಬಂಗಾಳವನ್ನು ಎರಡನೇ ಇನ್ನಿಂಗ್ಸ್‌ನಲ್ಲಿ 161ಕ್ಕೆ ಕಟ್ಟಿಹಾಕಿದ್ದರು, ಆಲೂರಿನಲ್ಲಿ ಉತ್ತರ ಪ್ರದೇಶವನ್ನು 155ಕ್ಕೆ. ಅವರ ಕೆಲಸ ಅವರು ಮಾಡಿದ್ದರು.

ಇನ್ನೂ ಹಿಂದೆ ಹೋದರೆ 2010ರ ಜನವರಿ, ಮೈಸೂರಿನ ಗಂಗೋತ್ರಿ ಮೈದಾನ, ಮುಂಬೈ ಎದುರು ಫೈನಲ್. ಆರು ರನ್‌ನಿಂದ ಸೋತೆವು. ಎಲ್ಲರಿಗೂ ನೆನಪಿರುವುದು ಮನೀಶ್ ಪಾಂಡೆ ಹೊಡೆದ 144, ಕೊನೆಗೆ ಸಿಗದೇ ಹೋದ ಆರು ರನ್. ಆದರೆ ನಾವು ಮೊದಲ ಇನ್ನಿಂಗ್ಸ್‌ನಲ್ಲಿ 130ಕ್ಕೆ ಆಲೌಟ್ ಆಗಿದ್ದೆವು. ಫೈನಲ್ ಕೈತಪ್ಪಿದ್ದು ಅಲ್ಲಿ. ನಾಕೌಟ್ ಬಂತು ಅಂದರೆ ಒಂದು ಗಂಟೆಯಲ್ಲಿ ಐದು ವಿಕೆಟ್ ಬೀಳುವ ಕಾಯಿಲೆ ನಮಗೆ ಹೊಸದಲ್ಲ.

ಆ ಕಾಯಿಲೆಗೆ ಒಂದು ಸಲ ಮದ್ದು ಸಿಕ್ಕಿತ್ತು. 2015ರ ಮಾರ್ಚ್, ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ಫೈನಲ್. 84ಕ್ಕೆ ನಮ್ಮ 5 ವಿಕೆಟ್ ಹೋಗಿತ್ತು. ಆಗ ಕ್ರೀಸ್‌ನಲ್ಲಿ ಒಟ್ಟಾದವರು 23 ವರ್ಷದ ಕರುಣ್ ನಾಯರ್ ಮತ್ತು 22 ವರ್ಷದ ಕೆ.ಎಲ್. ರಾಹುಲ್. ಇಬ್ಬರೂ ಸೇರಿ 386 ರನ್ ಜೊತೆಯಾಟ ಆಡಿದರು. ಕರುಣ್ 328, ರಾಹುಲ್ 188. ಇನ್ನಿಂಗ್ಸ್ ಮತ್ತು 217 ರನ್‌ನಿಂದ ಗೆದ್ದೆವು. ಹುಡುಗರ ಮೇಲೆ ಭರವಸೆ ಇಟ್ಟರೆ ಎಂತ ಆಗುತ್ತದೆ ಅಂತ ಕೇಳುವವರಿಗೆ ನಾನು ಈ ಸ್ಕೋರ್‌ಕಾರ್ಡನ್ನೇ ತೋರಿಸುತ್ತೇನೆ. ಅಂಗಡಿಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ.

ರಾಹುಲ್ ನಮ್ಮ ಊರಿನವನು ಅಂತ ನಾವೆಲ್ಲ ಹೆಮ್ಮೆ ಪಡುತ್ತೇವೆ. ಸುರತ್ಕಲ್‌ನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನ ಕ್ಯಾಂಪಸ್‌ನಲ್ಲಿ ಬೆಳೆದ, ಅಲ್ಲಿಯೇ ಶಾಲೆಗೆ ಹೋದ, ಮಂಗಳೂರಿನಲ್ಲಿ ಸ್ಯಾಮ್ಯುಯೆಲ್ ಜಯರಾಜ್ ಅವರ ಹತ್ತಿರ ಕಲಿತ ಹುಡುಗ. ಆದರೆ ಅವನ ಮೊದಲ ಟೆಸ್ಟ್ ನೆನಪು ಮಾಡಿಕೊಳ್ಳಿ. 2014ರ ಡಿಸೆಂಬರ್, ಮೆಲ್ಬರ್ನ್. 3 ಮತ್ತು 1. ಎರಡೂ ಸಲ ಕೆಟ್ಟ ಹೊಡೆತಕ್ಕೆ ಔಟ್. ನಾವು ಬೆಳಗ್ಗೆ ಬೇಗ ಎದ್ದು ಟಿವಿ ಎದುರು ಕೂತಿದ್ದೆವು, ಎಷ್ಟು ಬೇಸರ ಆಯಿತು ಅಂದರೆ ಹೇಳಲಿಕ್ಕಾಗದು. ಆದರೂ ಮುಂದಿನ ಟೆಸ್ಟ್‌ಗೆ ಅವನನ್ನು ಕೈಬಿಡಲಿಲ್ಲ. ಸಿಡ್ನಿಯಲ್ಲಿ 110 ಹೊಡೆದ. ಅದೇ ತಿಂಗಳು ಊರಿಗೆ ಬಂದು ಬೆಂಗಳೂರಿನಲ್ಲಿ ಉತ್ತರ ಪ್ರದೇಶದ ಎದುರು 337 ಹೊಡೆದ, ರಣಜಿಯಲ್ಲಿ ಕರ್ನಾಟಕದವರು ಹೊಡೆದ ಮೊದಲ ತ್ರಿಶತಕ ಅದು. ಮೆಲ್ಬರ್ನ್ ಆದ ಮೇಲೆ "ಇವನಿಗೆ ಆಗುವುದಿಲ್ಲ" ಅಂತ ಕೂರಿಸಿದ್ದರೆ? ಹತ್ತು ವರ್ಷ ಆದ ಮೇಲೆ 2025ರಲ್ಲಿ ಇಂಗ್ಲೆಂಡಿನಲ್ಲಿ ಅವನು ಹೊಡೆದ 532 ರನ್, ಲೀಡ್ಸ್ ಮತ್ತು ಲಾರ್ಡ್ಸ್‌ನ ಎರಡು ಶತಕ, ಇದೆಲ್ಲ ಇರುತ್ತಿತ್ತಾ?

ಕರುಣ್ ಕತೆ ಇದರ ಉಲ್ಟಾ. 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ಎದುರು ಔಟಾಗದೆ 303. ಮುಂದಿನ ಟೆಸ್ಟ್‌ನಲ್ಲೇ ಅವನಿಗೆ ಜಾಗ ಇರಲಿಲ್ಲ. 2017ರಲ್ಲಿ ಮೂರು ಟೆಸ್ಟ್ ಸಿಕ್ಕಿತು, ಆಮೇಲೆ ಎಂಟು ವರ್ಷ ಏನೂ ಇಲ್ಲ. ಸರಿ, ಅದು ದೇಶದ ತಂಡದ ಮಾತು. ಆದರೆ ಕರ್ನಾಟಕದಲ್ಲೂ ಅವನಿಗೆ ಜಾಗ ಇಲ್ಲದೇ ಹೋಯಿತು, ಅದು ನನಗೆ ಇವತ್ತಿಗೂ ನೋವು. 2023ರಲ್ಲಿ ವಿದರ್ಭಕ್ಕೆ ಹೋದ. ಅಲ್ಲಿ 2024-25ರ ಸೀಸನ್‌ನಲ್ಲಿ ಆಡಿದ್ದು ನೋಡಿದ್ದೀರಲ್ವಾ? ಏಕದಿನದ ವಿಜಯ್ ಹಜಾರೆ ಟ್ರೋಫಿಯಲ್ಲಿ 779 ರನ್, ಇಡೀ ಟೂರ್ನಿಯಲ್ಲಿ ಔಟಾದದ್ದು ಎರಡೇ ಸಲ. ರಣಜಿ ಫೈನಲ್‌ನಲ್ಲಿ ಕೇರಳದ ಎದುರು 86 ಮತ್ತು 135. ಕಪ್ ವಿದರ್ಭಕ್ಕೆ. ಆ ರನ್ ನಮ್ಮ ಖಾತೆಗೆ ಬರಬೇಕಿತ್ತು. ಅದೇ ಸೀಸನ್‌ನ ರಣಜಿಯಲ್ಲಿ ನಾವು ಕ್ವಾರ್ಟರ್ ಫೈನಲ್‌ಗೂ ಹೋಗಲಿಲ್ಲ. 2025-26ರ ಸೀಸನ್‌ಗೆ ಅವನು ಕರ್ನಾಟಕಕ್ಕೆ ವಾಪಸ್ ಬಂದ, ತುಂಬಾ ಸಂತೋಷ. ಹಳಬರನ್ನೆಲ್ಲ ತೆಗೆಯಿರಿ ಅನ್ನುವ ಗೆಳೆಯರಿಗೆ ನಾನು ಹೇಳುವುದು, ಕರುಣ್ ಬಗ್ಗೆಯೂ ಒಂದು ಕಾಲದಲ್ಲಿ ಇದನ್ನೇ ಹೇಳಿದ್ದೆವು.

ಹಾಗಂತ ಹೊಸಬರಿಗೆ ಬಾಗಿಲು ಹಾಕಿ ಅಂತ ಅಲ್ಲ. ಆರ್. ಸ್ಮರಣ್ ಆಟ ನೋಡಿ. ಎಡಗೈ ಬ್ಯಾಟ್ಸ್‌ಮನ್. 2025ರ ಜನವರಿಯಲ್ಲಿ ವಡೋದರಾದಲ್ಲಿ ವಿಜಯ್ ಹಜಾರೆ ಫೈನಲ್, ಎದುರಿನ ನಾಯಕ ನಮ್ಮದೇ ಕರುಣ್. ಸ್ಮರಣ್ 101 ಹೊಡೆದ, ನಾವು 348 ಮಾಡಿ 36 ರನ್‌ನಿಂದ ಗೆದ್ದೆವು. ಸ್ವಲ್ಪ ದಿನದಲ್ಲೇ ಚಿನ್ನಸ್ವಾಮಿಯಲ್ಲಿ ಪಂಜಾಬ್ ಎದುರು ರಣಜಿ. ಬೌಲರ್‌ಗಳು ಪಂಜಾಬನ್ನು 55ಕ್ಕೆ ಮುಗಿಸಿದರು, ಇವನು 203 ಹೊಡೆದ. ಅವಸರ ಇಲ್ಲ, ಗಾಬರಿ ಇಲ್ಲ. ಬ್ಯಾಂಕ್ ಅಣ್ಣ ಕೂಡ ಅವತ್ತು "ಇವನಿಗೆ ಬಾಲ್ ಬಿಡಲು ಬರುತ್ತದೆ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಪ್ರಖರ್ ಚತುರ್ವೇದಿಯನ್ನೂ ಮರೆಯಬಾರದು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಮುಂಬೈ ಎದುರು ಕೂಚ್ ಬೆಹಾರ್ ಟ್ರೋಫಿ ಫೈನಲ್‌ನಲ್ಲಿ ಔಟಾಗದೆ 404. 638 ಬಾಲ್ ಆಡಿದ. ಹತ್ತೊಂಬತ್ತು ವರ್ಷದೊಳಗಿನ ಹುಡುಗ ಅಷ್ಟು ಹೊತ್ತು ನಿಂತು ಆಡುವುದು ಸುಮ್ನೆ ಮಾತಲ್ಲ. ಕರ್ನಾಟಕಕ್ಕೆ ಆ ಕಪ್ ಮೊದಲ ಸಲ ಬಂದದ್ದು ಆವಾಗ. ಕೃಷ್ಣನ್ ಶ್ರೀಜಿತ್ ಅಹಮದಾಬಾದಿನಲ್ಲಿ ಮುಂಬೈಯ 382 ಬೆನ್ನಟ್ಟುವಾಗ ಔಟಾಗದೆ 150 ಹೊಡೆದದ್ದೂ ನೆನಪಿರಲಿ. ಇವರಿಗೆಲ್ಲ ಒಂದಿಡೀ ಸೀಸನ್ ಕೊಡಿ. ಎರಡು ಸಲ ಸೊನ್ನೆಗೆ ಔಟಾದರೂ ಮೂರನೇ ಮ್ಯಾಚ್‌ಗೆ ಪ್ಯಾಡ್ ಕಟ್ಟಿಕೊಳ್ಳಲು ಹೇಳಿ. ತಲೆಯ ಮೇಲೆ ಕತ್ತಿ ತೂಗುತ್ತಿದ್ದರೆ ಯಾವ ಹುಡುಗ ಆಫ್ ಸ್ಟಂಪ್ ಹೊರಗಿನ ಬಾಲ್ ಬಿಡುತ್ತಾನೆ? ಹೇಗಾದರೂ ರನ್ ಮಾಡಬೇಕು ಅಂತ ಬ್ಯಾಟ್ ಹಾಕುತ್ತಾನೆ, ಸ್ಲಿಪ್‌ನಲ್ಲಿ ಕ್ಯಾಚ್ ಹೋಗುತ್ತದೆ.

ಇನ್ನು ನಮ್ಮ ಕಡೆಯ ಮಾತು. ನಾನು ಭಾನುವಾರ ಅಂಪೈರಿಂಗ್ ಮಾಡುತ್ತೇನೆ, ಹದಿನೈದು ವರ್ಷ ಆಯಿತು. ನಮ್ಮ ಹುಡುಗರ ಕೈಯಲ್ಲಿ ಶಕ್ತಿ ಇದೆ, ಕಣ್ಣು ಚುರುಕು. ಆದರೆ ಅವರು ಬೆಳೆಯುವುದು ಹೊನಲು ಬೆಳಕಿನ ಅಂಡರ್ ಆರ್ಮ್ (ಕೈ ಕೆಳಗಿನಿಂದ ಬಾಲ್ ಎಸೆಯುವ) ಪಂದ್ಯಾಟಗಳಲ್ಲಿ. ಗದ್ದೆ ಕಟಾವು ಆದ ಮೇಲೆ ಮೂಲ್ಕಿಯಿಂದ ಕುಂದಾಪುರದವರೆಗೆ ವಾರವಾರ ಪಂದ್ಯಾಟ, ಟ್ರೋಫಿ, ನಗದು ಬಹುಮಾನ. ನನಗೂ ಆ ಆಟ ಇಷ್ಟ, ಅದನ್ನು ಬೈಯುತ್ತಿಲ್ಲ. ಊರು ಊರು ಒಟ್ಟಾಗುವುದು ಅಲ್ಲಿಯೇ. ಆದರೆ ನಾಲ್ಕೈದು ಓವರಿನ ಆಟದಲ್ಲಿ ಬಾಲ್ ಬಿಟ್ಟವನಿಗೆ ಬೈಗುಳ. ನೆಲಕ್ಕೆ ಅಂಟಿಕೊಂಡು ಬರುವ ಬಾಲನ್ನು ಬ್ಯಾಟ್ ಅಡ್ಡ ಹಾಕಿ ಮಿಡ್‌ವಿಕೆಟ್ ಕಡೆಗೆ ಎಳೆಯಬೇಕು. ಹತ್ತು ವರ್ಷ ಅದನ್ನೇ ಆಡಿದ ಹುಡುಗ ಲೆದರ್ ಬಾಲಿಗೆ ಬಂದಾಗ ಕೈ ಹಾಗೆಯೇ ಹೋಗುತ್ತದೆ. ಲೆದರ್ ಬಾಲ್ ಆಡುವವರಿಗೂ ನಾನು ನಿಂತ ಪಂದ್ಯಗಳಲ್ಲಿ ಹೆಚ್ಚಿನವು ಮ್ಯಾಟ್ ಮೇಲೆ. ಮ್ಯಾಟ್ ಮೇಲೆ ಬೌನ್ಸ್ ಒಂದೇ ರೀತಿ ಬರುತ್ತದೆ. ಟರ್ಫ್ (ಮಣ್ಣು, ಹುಲ್ಲಿನ ಪಿಚ್) ಮೇಲೆ ಬೆಳಗ್ಗಿನ ಮೊದಲ ಗಂಟೆ ಬಾಲ್ ಆಚೀಚೆ ಓಡುವಾಗ ಹೇಗೆ ನಿಲ್ಲಬೇಕು ಅಂತ ಅಲ್ಲಿ ಕಲಿಯಲಿಕ್ಕಾಗುವುದಿಲ್ಲ. ಮೇಲಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ನಾಲ್ಕು ತಿಂಗಳು ಬ್ಯಾಟ್ ಅಟ್ಟದಲ್ಲಿ. ಮಂಗಳೂರಿನ ಹೆಸರಿರುವ ತಂಡ ಕಪ್ ಗೆದ್ದಿತು, ಆದರೆ ಆ ಸೀಸನ್‌ನಲ್ಲಿ ಮಂಗಳೂರಿನಲ್ಲಿ ಆ ತಂಡ ಒಂದು ಮ್ಯಾಚೂ ಆಡಲಿಲ್ಲ ಅನ್ನುವುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ನನ್ನ ಅಕ್ಕನ ಮಗ ಹದಿನೈದು ವರ್ಷದವನು. ಎರಡು ವರ್ಷದ ಹಿಂದೆ ಒಂದು ಆಯ್ಕೆ ಟ್ರಯಲ್‌ಗೆ ಕರೆದುಕೊಂಡು ಹೋಗಿದ್ದೆ. ಯಾರು ನಡೆಸಿದ್ದು ಅಂತ ಹೇಳುವುದು ಬೇಡ. ಬೆಳಗ್ಗೆ ಏಳಕ್ಕೆ ಹೋದವರು, ಅವನ ಸರದಿ ಬಂದದ್ದು ಮಧ್ಯಾಹ್ನ ಎರಡಕ್ಕೆ. ನೆಟ್ಸ್‌ನಲ್ಲಿ ಸಿಕ್ಕಿದ್ದು ಎಂಟು ಬಾಲ್. ಮೊದಲ ಮೂರನ್ನು ನೋಡಿ ಬಿಟ್ಟ, ನಾನೇ ಹಾಗೆ ಹೇಳಿಕೊಟ್ಟಿದ್ದೆ. ಐದನೇ ಬಾಲಿಗೆ ಬೌಲ್ಡ್. ಕುರ್ಚಿಯಲ್ಲಿ ಕೂತಿದ್ದವರು "ಹೊಡೆತವೇ ಇಲ್ಲ" ಅಂತ ಬರೆದುಕೊಂಡರು, ಮುಂದಿನವನನ್ನು ಕರೆದರು. ಬಸ್ಸಿನಲ್ಲಿ ಬರುವಾಗ ಅವನು ಕೇಳಿದ, "ಮಾವ, ಬಾಲ್ ಬಿಟ್ಟದ್ದು ತಪ್ಪಾಯಿತಾ?" ನನಗೆ ಉತ್ತರ ಕೊಡಲಿಕ್ಕಾಗಲಿಲ್ಲ. ಈಗ ಅವನು ಅಂಡರ್ ಆರ್ಮ್ ಆಡುತ್ತಾನೆ, ಚೆನ್ನಾಗಿಯೇ ಆಡುತ್ತಾನೆ. ಕಿಟ್ ಬ್ಯಾಗ್ ಮಂಚದಡಿ ಇದೆ.

ಎಂಟು ಬಾಲಿನಲ್ಲಿ ಒಬ್ಬ ಬ್ಯಾಟ್ಸ್‌ಮನ್ ಗೊತ್ತಾಗುತ್ತಾನಾ? ಮೆಲ್ಬರ್ನ್‌ನ ಎರಡು ಇನ್ನಿಂಗ್ಸ್ ನೋಡಿ ರಾಹುಲ್ ಯಾರು ಅಂತ ಗೊತ್ತಾಗಿತ್ತಾ? ಟ್ರಯಲ್ ಮಾಡುವವರು ಕನಿಷ್ಠ ಒಂದೆರಡು ಮ್ಯಾಚ್ ಆಡಿಸಿ ನೋಡಲಿ. ಮಳೆಗಾಲಕ್ಕೆ ಮಾಡು (ಚಾವಣಿ) ಇರುವ ನೆಟ್ಸ್ ಬೇಕು, ಹುಡುಗರಿಗೆ ವಾರದಲ್ಲಿ ಎರಡು ದಿನವಾದರೂ ಟರ್ಫ್ ವಿಕೆಟ್ ಸಿಗಬೇಕು. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಎದುರು 192 ಹೊಡೆದವರು. ಆಮೇಲೆ ರಾಹುಲ್. ಇಬ್ಬರೂ ಹೆಸರು ಮಾಡಿದ್ದು ಬೇರೆ ಊರಿನ ಮೈದಾನಗಳಿಗೆ ಹೋಗಿ. ಊರು ಬಿಟ್ಟು ಹೋಗಲಾಗದ ಹುಡುಗರು ಎಷ್ಟು ಜನ ಇದ್ದಾರೆ ಅಂತ ನಾನು ಪ್ರತಿ ಭಾನುವಾರ ನೋಡುತ್ತೇನೆ.

ನಿಮ್ಮಲ್ಲಿ ಒಂದು ಕೇಳಿಕೆ ಇದೆ, ಸಂಪಾದಕರೇ. ಮಳೆ ನಿಂತು ನಮ್ಮ ಕಡೆ ಶಾಲಾ ಮಕ್ಕಳ ಮತ್ತು ಜೂನಿಯರ್ ಲೆದರ್ ಬಾಲ್ ಪಂದ್ಯಗಳು ಶುರುವಾದಾಗ ಕ್ರೀಡಾ ಪುಟದ ಒಂದು ಮೂಲೆಯಲ್ಲಿ ಅವುಗಳ ಸ್ಕೋರ್ ಹಾಕಿ. ಗೆದ್ದ ತಂಡದ ಗ್ರೂಪ್ ಫೋಟೋ ಒಂದೇ ಸಾಲದು, ಯಾರು ಎಷ್ಟು ರನ್ ಮಾಡಿದರು, ಎಷ್ಟು ಬಾಲ್ ಆಡಿದರು ಅಂತ ಬರಲಿ. ನಾಲ್ಕು ರನ್‌ಗೆ ಔಟಾದವನದ್ದೂ ಬರಲಿ, ನಲವತ್ತು ಬಾಲ್ ನಿಂತವನದ್ದೂ ಬರಲಿ. ಜಾಗ ಇಲ್ಲ ಅಂದರೆ ಸಣ್ಣ ಅಕ್ಷರದಲ್ಲಿ ಹಾಕಿದರೂ ಸಾಕು. ನಾನು ಅಂಪೈರಿಂಗ್ ಮಾಡುವ ಪಂದ್ಯಗಳ ಸ್ಕೋರನ್ನು ಅದೇ ದಿನ ಸಂಜೆ ಬರೆದು ನಿಮ್ಮ ಕಚೇರಿಗೆ ತಲುಪಿಸುವ ಜವಾಬ್ದಾರಿ ನನ್ನದು.

ಇತಿ,
ಸುರತ್ಕಲ್‌ನ ಒಬ್ಬ ಓದುಗ